ಫೆರೆಟ್ ಆರೈಕೆಗೆ ದಾವಣಗೆರೆ ಪೇಟೆ: ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು

ದಾವಣಗೆರೆಯ ಪೆಟ್ ಅಂಗಡಿಗಳಲ್ಲಿ ನಾಯಿ, ಬೆಕ್ಕು, ಮೀನು, ಲವ್ ಬರ್ಡ್ಸ್ ಸಾಮಾನು ಬೇಕಾದಷ್ಟಿದೆ. ಫೆರೆಟ್ ಅಂತ ಕೇಳಿದರೆ ಮಾತ್ರ ಅಂಗಡಿಯವರು "ಮುಂಗುಸಿನಾ?" ಅಂತ ಮುಖ ನೋಡುತ್ತಾರೆ. ಮುಂಗುಸಿ ಕಾಡುಪ್ರಾಣಿ, ಸಾಕುವುದೇ ಅಪರಾಧ. ಫೆರೆಟ್ ಅಂದರೆ ಮುಂಗುಸಿಯಂತೆ ಉದ್ದ ಮೈಯ ಸಾಕುಪ್ರಾಣಿ, ಆದರೆ ಬೇರೆ ಜಾತಿ. ಸಿಗದ್ದಕ್ಕೆ ಆನ್‌ಲೈನ್‌ನಲ್ಲಿ "ಸ್ಮಾಲ್ ಅನಿಮಲ್ ಕೇರ್ ಕಿಟ್" ತರಿಸುವವರಿದ್ದಾರೆ. ಅದು ದಂಡ. ಅದರೊಳಗಿನ ಒಣಹುಲ್ಲು, ಕಾಳಿನ ಮಿಶ್ರಣ, ಉಪ್ಪಿನ ಬಿಲ್ಲೆ, ಮರದ ಹೊಟ್ಟು ಎಲ್ಲ ಮೊಲ, ಹ್ಯಾಮ್‌ಸ್ಟರ್‌ಗೆ ಸರಿ. ಫೆರೆಟ್ ಅಪ್ಪಟ ಮಾಂಸಾಹಾರಿ. ತಿಂದದ್ದು 3-4 ಗಂಟೆಯಲ್ಲಿ ಹೊರಗೆ ಬರುತ್ತದೆ, ನಾರನ್ನು ಕೊಳೆಯಿಸಿ ಜೀರ್ಣಿಸುವ ಚೀಲ ಅದರ ಕರುಳಿನಲ್ಲಿ ಇಲ್ಲವೇ ಇಲ್ಲ. ಒಳ್ಳೆ ಆಹಾರಕ್ಕೆ ಧಾರಾಳವಾಗಿ ದುಡ್ಡು ಹಾಕಿ. ಉಳಿದದ್ದು ಮೆಡಿಕಲ್ ಶಾಪ್, ಪಾತ್ರೆ ಅಂಗಡಿ, ಕೋಳಿ ಅಂಗಡಿಯಲ್ಲೇ ಮುಗಿಯುತ್ತದೆ.

ಮೊದಲು ಆಹಾರ. ಬೆಕ್ಕಿನ ಮರಿಯ ಒಣ ಆಹಾರವೇ ಇಲ್ಲಿ ನಮಗಿರುವ ದಾರಿ. ಚೀಲದ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ: ಪ್ರೋಟೀನ್ ಶೇಕಡಾ 35ರ ಆಸುಪಾಸು, ಕೊಬ್ಬು 18ರಿಂದ ಮೇಲೆ, ನಾರು 3ಕ್ಕಿಂತ ಕಡಿಮೆ, ಮೊದಲ ಪದಾರ್ಥ ಕೋಳಿ ಅಥವಾ ಬೇರೆ ಮಾಂಸ. ಜೋಳ, ಗೋಧಿ, ಅಕ್ಕಿ ಮೊದಲು ಬಂದರೆ ಚೀಲ ವಾಪಸ್ ಇಡಿ. ಪಿಷ್ಟ ಎಷ್ಟಿದೆ ಅಂತ ಯಾರೂ ಬರೆಯುವುದಿಲ್ಲ, ಲೆಕ್ಕ ಹಾಕಿಕೊಳ್ಳಬೇಕು. ರಾಯಲ್ ಕ್ಯಾನಿನ್ ಮದರ್ ಅಂಡ್ ಬೇಬಿಕ್ಯಾಟ್‌ನಲ್ಲಿ ಪ್ರೋಟೀನ್ 34, ಕೊಬ್ಬು 25. ನೂರರಲ್ಲಿ ಇವೆರಡನ್ನೂ, ತೇವಾಂಶಕ್ಕೂ ಬೂದಿಗೂ (ಅಂದರೆ ಖನಿಜಾಂಶ) ಸೇರಿ 15ನ್ನೂ ಕಳೆಯಿರಿ. ಪಿಷ್ಟ ಮತ್ತು ನಾರು ಸೇರಿ 26 ಉಳಿಯಿತು. ಅದೇ ಕಂಪನಿಯ ಕಿಟನ್ ಚೀಲದಲ್ಲಿ 36 ಮತ್ತು 18, ಉಳಿಯುವುದು 31. ಹೀಗಾಗಿ ಮರಿಗೂ, ಬಡಕಲಾದ ದೊಡ್ಡದಕ್ಕೂ ಬೇಬಿಕ್ಯಾಟ್ ಒಂದು ಕೈ ಮೇಲು. ಕಾಳೂ ಸಣ್ಣದು, ಬೇಗ ನೆನೆಯುತ್ತದೆ. ಓರಿಜೆನ್ ಕ್ಯಾಟ್ ಅಂಡ್ ಕಿಟನ್‌ನಲ್ಲಿ 40 ಮತ್ತು 20 ಇದೆ, ಅಂಕಿಯಲ್ಲಿ ಚೆನ್ನ. ಆದರೆ ಬೆಲೆ ಹೆಚ್ಚು, ಅದರ ಮೇಲೆ ಬೇಳೆಕಾಳು ಬೆರೆತಿರುತ್ತದೆ. ಬಟಾಣಿ-ಬೇಳೆ ಜಾಸ್ತಿಯಿರುವ ಆಹಾರಕ್ಕೂ ಫೆರೆಟ್‌ಗಳ ಮೂತ್ರದ ಸಿಸ್ಟೀನ್ ಕಲ್ಲಿಗೂ ನಂಟಿರಬಹುದೆಂಬ ಗುಮಾನಿ ಇರುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳುವುದು ಬೇಡ. ದೊಡ್ಡ ಬೆಕ್ಕಿನ ಅಗ್ಗದ ಚೀಲ, ನಾಯಿ ಆಹಾರ ಎರಡೂ ಲೆಕ್ಕಕ್ಕಿಲ್ಲ.

ಲೂಸ್ ಮಾಲು ಕೊಳ್ಳಲೇಬೇಡಿ. ದೊಡ್ಡ ಮೂಟೆ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಕಟ್ಟಿ ಕೊಡುವುದು ಅಗ್ಗ, ನಿಜ. ಕೊಬ್ಬು ಇಷ್ಟಿರುವ ಆಹಾರ ನಮ್ಮ ಏಪ್ರಿಲ್ ಸೆಕೆಯಲ್ಲಿ ಗಾಳಿಗೆ ಬಿದ್ದರೆ ಬೇಗ ಕಮಟು ಹಿಡಿಯುತ್ತದೆ. ಮೂಸಿ ನೋಡಿ, ಹಳೇ ಕರಿದೆಣ್ಣೆ ವಾಸನೆ ಬಂದರೆ ಮುಗಿಯಿತು. ಒಂದು ಕೆ.ಜಿ. ತೂಗುವ ಫೆರೆಟ್ ದಿನಕ್ಕೆ 40ರಿಂದ 50 ಗ್ರಾಂ ಒಣ ಆಹಾರ ತಿನ್ನುತ್ತದೆ. 400 ಗ್ರಾಂ ಪ್ಯಾಕೆಟ್ ಎಂಟು-ಹತ್ತು ದಿನಕ್ಕೆ, 2 ಕೆ.ಜಿ. ಚೀಲ ತಿಂಗಳ ಮೇಲೆ ಸ್ವಲ್ಪ ದಿನಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡದು ಬೇಡ. ತಟ್ಟೆಯಲ್ಲಿ ಸದಾ ಆಹಾರ ಇರಲಿ, ಹೊತ್ತಿಗೆ ಹೊತ್ತಿಗೆ ಹಾಕುವ ಪ್ರಾಣಿಯಲ್ಲ ಇದು. ಆರು ತಿಂಗಳ ಒಳಗೇ ಎರಡು-ಮೂರು ಬಗೆಯ ರುಚಿ ತೋರಿಸಿಬಿಡಿ. ದೊಡ್ಡದಾದ ಮೇಲೆ ಹೊಸದನ್ನು ಮೂಸಿ ಬಿಟ್ಟು ಉಪವಾಸ ಕೂರುತ್ತದೆ. ಅಂಗಡಿಯಲ್ಲಿ ಆ ಬ್ರ್ಯಾಂಡ್ ನಿಂತ ದಿನ ಗೊತ್ತಾಗುತ್ತದೆ ಪಜೀತಿ. ಮೊಸರನ್ನ, ಹಾಲು, ಬಾಳೆಹಣ್ಣು, ಬೆಣ್ಣೆ ದೋಸೆಯ ಚೂರು, ಮಂಡಕ್ಕಿ: ಮನೆಯಲ್ಲಿ ಯಾರೋ ಒಬ್ಬರು ಪ್ರೀತಿಗೆ ಕೊಟ್ಟೇ ಕೊಡುತ್ತಾರೆ. ಕೊಡಬಾರದು ಅಂತ ಮೊದಲೇ ಹೇಳಿಡಿ.

ಮನೆ ಔಷಧ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವುದು ತಕ್ಕಡಿ. ಅಡುಗೆಮನೆಯ 5 ಕೆ.ಜಿ. ಡಿಜಿಟಲ್ ತಕ್ಕಡಿ, 1 ಗ್ರಾಂವರೆಗೂ ತೋರಿಸುವಂಥದ್ದು ಸಾಕು. ಮನುಷ್ಯರು ನಿಲ್ಲುವ ತೂಕದ ಯಂತ್ರ ನೂರು ಗ್ರಾಂ ಹಿಂದೆಮುಂದೆ ಆಡುತ್ತದೆ. 700 ಗ್ರಾಂ ಹೆಣ್ಣಿಗೆ ಅದರಿಂದ ಏನೂ ತಿಳಿಯದು. ಆಳವಾದ ಸ್ಟೀಲ್ ಡಬರಿ ಇಟ್ಟು ಸೊನ್ನೆ ಮಾಡಿ, ಒಳಗೆ ಬಿಟ್ಟು, ಅಂಕಿ ನಿಂತಾಗ ಬರೆದುಕೊಳ್ಳಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ. ಚಳಿಗೆ ದಪ್ಪಗಾಗಿ ಬೇಸಿಗೆಗೆ ಇಳಿಯುವುದು ಇವಕ್ಕೆ ಸಹಜ, ಗಂಡಿನಲ್ಲಂತೂ ಎದ್ದು ಕಾಣುತ್ತದೆ. ಆದರೆ ಒಂದೇ ವಾರದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ ಅದು ಹವಾಮಾನವಲ್ಲ, ಕಾಯಿಲೆ.

ಕಾಯಿಲೆ ಬಿದ್ದು ಊಟ ಬಿಟ್ಟಾಗ ಗಂಜಿ ತಿನ್ನಿಸುವ ಸಿರಿಂಜ್ ಮೆಡಿಕಲ್ ಶಾಪಿನದ್ದೇ ಇರಲಿ: ಸೂಜಿ ಇಲ್ಲದ 5 ಎಂ.ಎಲ್., ನಾಲ್ಕೈದು ಒಟ್ಟಿಗೆ ತನ್ನಿ. 50 ಎಂ.ಎಲ್. ಫೀಡಿಂಗ್ ಸಿರಿಂಜಿನ ಬಾಯಿ ಅಗಲ, ಗಂಜಿ ಸಲೀಸಾಗಿ ಬರುತ್ತದೆ. ತೊಂದರೆಯೂ ಅದೇ: ಒತ್ತಿದರೆ ಬೇಡದಷ್ಟು ನುಗ್ಗಿ ಶ್ವಾಸಕ್ಕೆ ಇಳಿಯುತ್ತದೆ. ಸಣ್ಣದರ ದೋಷ, ಮೂರ್ನಾಲ್ಕು ಸಲ ತೊಳೆದ ಮೇಲೆ ಪಿಸ್ಟನ್ ತುದಿಯ ರಬ್ಬರ್ ಒಣಗಿ ಕಚ್ಚಿಕೊಳ್ಳುತ್ತದೆ. ಬಲ ಹಾಕಿ ತಳ್ಳಿದರೆ ತಡೆದು ತಡೆದು ಒಮ್ಮೆಲೇ ಚಿಮ್ಮುತ್ತದೆ. ಬಿಗಿಯಾಯಿತು ಅನಿಸಿದ ದಿನವೇ ಎಸೆಯಿರಿ, ಹೋಗುವುದು ಕೆಲವೇ ರೂಪಾಯಿ.

ಅದರೊಳಗೆ ಹಾಕುವ ಗಂಜಿಯನ್ನು ಆರೋಗ್ಯವಾಗಿದ್ದಾಗಲೇ ಮಾಡಿಟ್ಟು ರುಚಿ ಹಿಡಿಸಿರಬೇಕು. ಅರ್ಧ ಲೋಟ ಒಣ ಆಹಾರಕ್ಕೆ ಒಂದು ಲೋಟ ಬಿಸಿನೀರು, ಅರ್ಧ ಗಂಟೆ ನೆನೆಸಿ. ಮೂಳೆ ಬಿಡಿಸಿದ ಬೇಯಿಸಿದ ಕೋಳಿ 50 ಗ್ರಾಂ, ಬೆಂದ ಗುಂಡಿಗೆ ಸಿಕ್ಕರೆ ಎರಡು, ಬೇಯಿಸಿದ ನೀರು ಸಮೇತ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು. ಈರುಳ್ಳಿ ರಕ್ತಕಣ ಒಡೆಯುತ್ತದೆ. ಹಿಟ್ಟಿನ ಜರಡಿಯಲ್ಲಿ ಸೋಸಿ, ಇಲ್ಲದಿದ್ದರೆ ಸಿರಿಂಜಿನ ಬಾಯಿ ಕಟ್ಟುತ್ತದೆ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟು ಬೇಕಾದಾಗ ಒಂದು ಗಡ್ಡೆಯನ್ನು ಬಟ್ಟಲಿಗೆ ಹಾಕಿ ಬಿಸಿನೀರಿನ ಮೇಲೆ ಕರಗಿಸಿ, ಮಣಿಕಟ್ಟಿಗೆ ಹಚ್ಚಿ ಬಿಸಿ ನೋಡಿ. ಕರೆಂಟು ಹೋಗಿ ಕರಗಿದ್ದನ್ನು ಮತ್ತೆ ಗಟ್ಟಿ ಮಾಡುವ ಜಿಪುಣತನ ಬೇಡ. ಕಾಯಿಲೆಯಿಂದ ಚೇತರಿಸಲೆಂದು ಮಾರುವ ರಾಯಲ್ ಕ್ಯಾನಿನ್ ರಿಕವರಿ, ಹಿಲ್ಸ್ ಎ/ಡಿ ಡಬ್ಬಿಗಳೂ ಇದೇ ಕೆಲಸಕ್ಕೆ ಬರುತ್ತವೆ. ಒಂದು ಡಬ್ಬಿ ಮನೆಯಲ್ಲಿರಲಿ, ಆದರೆ ದಿನದ ಊಟಕ್ಕೆ ಅದು ದುಂದು.

ತಿನ್ನಿಸುವಾಗ ಬೆನ್ನ ಮೇಲೆ ಮಲಗಿಸಬೇಡಿ. ಹೊಟ್ಟೆ ಕೆಳಗಾಗಿ ಟವೆಲ್‌ನಲ್ಲಿ ಸುತ್ತಿ, ಬಾಯಿಯ ಪಕ್ಕದಿಂದ ಕೋರೆಹಲ್ಲಿನ ಹಿಂದಕ್ಕೆ ತುದಿ ಇಟ್ಟು, ಅರ್ಧ ಎಂ.ಎಲ್. ಬಿಟ್ಟು, ನುಂಗಿದ ಮೇಲೆ ಮುಂದಿನದು. ಮೊದಲ ದಿನ ಸಲಕ್ಕೆ 3ರಿಂದ 5 ಎಂ.ಎಲ್., ಒಗ್ಗಿದ ಮೇಲೆ 10ರಿಂದ 15, ನಾಲ್ಕು ಗಂಟೆಗೊಮ್ಮೆ. ವಾಂತಿ ಮಾಡುತ್ತಿದ್ದರೆ, ಹೊಟ್ಟೆ ಮುಟ್ಟಿದರೆ ಮುದುಡುತ್ತಿದ್ದರೆ, ಹಿಕ್ಕೆ ನಿಂತಿದ್ದರೆ ಏನೂ ತುರುಕಬೇಡಿ. ಹವಾಯಿ ಚಪ್ಪಲಿಯ ತುಂಡೋ ರಿಮೋಟಿನ ರಬ್ಬರ್ ಗುಂಡಿಯೋ ಕರುಳಲ್ಲಿ ಸಿಕ್ಕಿರುವ ಸಾಧ್ಯತೆ ಹೆಚ್ಚು, ಅದು ಆಪರೇಷನ್ನಿನ ಕೇಸು.

ಪೆಟ್ಟಿಗೆಗೆ ಜೇನುತುಪ್ಪದ ಸಣ್ಣ ಬಾಟಲಿಯೂ ಸೇರಲಿ. ಮೂರು ವರ್ಷ ದಾಟಿದ ಫೆರೆಟ್‌ಗಳಿಗೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನೋಮಾ ಗಡ್ಡೆ ಬರುವುದು ಸಾಮಾನ್ಯ. ಅದರಿಂದ ರಕ್ತದ ಸಕ್ಕರೆ ಇಳಿದಾಗ ಶೂನ್ಯ ನೋಡುತ್ತದೆ, ಜೊಲ್ಲು ಸುರಿಸಿ ಬಾಯಿ ಪರಚಿಕೊಳ್ಳುತ್ತದೆ, ಹಿಂಗಾಲು ಎಳೆಯುತ್ತದೆ. ಇಯರ್‌ಬಡ್‌ನಲ್ಲಿ ಜೇನು ಅದ್ದಿ ಒಸಡಿಗೆ ಸವರಿ. ಫಿಟ್ಸ್ ಇದ್ದರೆ ಬೆರಳು ಹಾಕಬೇಡಿ. ಎಚ್ಚರ ಬಂದ ಕೂಡಲೇ ಮಾಂಸದ ಗಂಜಿ ಕೊಟ್ಟು ಡಾಕ್ಟರ ಹತ್ತಿರ ಹೊರಡಿ. ಚೆನ್ನಾಗಿರುವಾಗ ಜೇನು ಕೊಟ್ಟರೆ ಇನ್ಸುಲಿನ್ ಕೆರಳಿ ಸಕ್ಕರೆ ಇನ್ನೂ ಇಳಿಯುತ್ತದೆ.

ಮಕ್ಕಳ ಪ್ಯಾರಸಿಟಮಾಲ್ ಸಿರಪ್, ಐಬುಪ್ರೊಫೆನ್, ಪರ್ಮೆತ್ರಿನ್ ಇರುವ ನಾಯಿಯ ಉಣ್ಣಿ ಔಷಧ ಈ ಪೆಟ್ಟಿಗೆಯ ಹತ್ತಿರವೂ ಸುಳಿಯಬಾರದು. ಹಿಕ್ಕೆ-ಮೂತ್ರದ ತಟ್ಟೆಗೆ, ನೀರು ತಾಗಿದರೆ ಗಟ್ಟಿಯಾಗುವ ಬೆಕ್ಕಿನ ಮರಳು ಬೇಡ, ಹಳೇ ಪತ್ರಿಕೆ ಸಾಕು. ಹಾಸಿಗೆಗೆ ಹಳೇ ಬನಿಯನ್ ಬಟ್ಟೆ. ಟರ್ಕಿ ಟವೆಲ್ಲಿನ ದಾರದಲ್ಲಿ ಉಗುರು ಸಿಕ್ಕಿ ಕಾಲು ತಿರುಚುತ್ತದೆ.

ಬೇಸಿಗೆಗೆ ಮಾರುವ ಕೂಲಿಂಗ್ ಮ್ಯಾಟ್ ಹಲ್ಲಿಗೆ ಸಿಕ್ಕರೆ ಒಳಗಿನ ಜೆಲ್ ಹೊಟ್ಟೆಗೆ, ಅದಕ್ಕೆ ಅಂಕ ಸೊನ್ನೆ. ಫೆರೆಟ್ ಬೆವರುವುದಿಲ್ಲ, ಬರೀ ಫ್ಯಾನ್ ಗಾಳಿಯಿಂದ ತಂಪಾಗುವುದೂ ಇಲ್ಲ. 30 ಡಿಗ್ರಿ ದಾಟಿದರೆ ಅಪಾಯ ಶುರು, ನಮ್ಮಲ್ಲಿ ಫೆಬ್ರವರಿಯಲ್ಲೇ ದಾಟುತ್ತದೆ. ಒಂದು ಲೀಟರ್ ಬಾಟಲಿಯಲ್ಲಿ ಗಟ್ಟಿಯಾದ ನೀರು, ಸುತ್ತ ಬಟ್ಟೆ, ಅಡ್ಡ ಮಲಗಿಸಿದ ಮಣ್ಣಿನ ಮಡಕೆ, ಅದರ ಮೇಲೆ ಒದ್ದೆ ಗೋಣಿ: ಸಂತೆಯ ಸಾಮಾನೇ ಗೆಲ್ಲುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟರೆ ಪಾದ, ತೊಡೆಸಂದಿಗೆ ಸಾದಾ ನೀರು ಹಚ್ಚಿ. ಐಸ್ ನೀರಲ್ಲಿ ಅದ್ದಿದರೆ ಚರ್ಮದ ರಕ್ತನಾಳ ಕುಗ್ಗಿ ಶಾಖ ಒಳಗೇ ಉಳಿಯುತ್ತದೆ.

ಡಾಕ್ಟರನ್ನು ಮಾತ್ರ ಪೇಟೆಯಲ್ಲಿ ಹುಡುಕಿ ತರಲಾಗದು. ಊರಿನ ಪಶುವೈದ್ಯರಿಗೆ ಮೊದಲೇ ಫೋನ್ ಮಾಡಿ ಫೆರೆಟ್ ನೋಡುತ್ತಾರಾ ಕೇಳಿಡಿ. ಆಗದಿದ್ದರೆ ವೆಟರ್ನರಿ ಕಾಲೇಜು ಇರುವುದು ಶಿವಮೊಗ್ಗದಲ್ಲಿ, ಇಲ್ಲವೇ ಬೆಂಗಳೂರಿನ ಹೆಬ್ಬಾಳದಲ್ಲಿ. ನಾಯಿಗಳಲ್ಲಿ ಕಾಣುವ ವೈರಸ್ ಕಾಯಿಲೆ ಡಿಸ್ಟೆಂಪರ್ ಇವಕ್ಕೆ ಬಂದರೆ ಉಳಿಯುವುದು ತೀರಾ ಅಪರೂಪ, ಬೀದಿನಾಯಿ ಮುಟ್ಟಿ ಬಂದ ಕೈ-ಚಪ್ಪಲಿಯಿಂದಲೂ ಹರಡಬಹುದು. ಲಸಿಕೆ ಯಾವುದು ಅಂತ ಅವರೇ ಹೇಳಲಿ. ನಾಯಿಗೆ ಹಾಕುವುದನ್ನೆಲ್ಲ ಇದಕ್ಕೆ ಹಾಕುವಂತಿಲ್ಲ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು, ವಾಂತಿಯೋ ಮುಖ ಊತವೋ ಇಲ್ಲ ಅಂತ ನೋಡಿಕೊಂಡು ಹೊರಡಿ.