ಹಳೆ ಆರ್‌ಎಕ್ಸ್‌ನ ಫೋರ್ಕ್ ಒಂದೇ ಜೋಡಿಯದಾ? ನಾಲ್ಕು ರೀತಿ ನೋಡಿದೆ

ತೀರ್ಥಹಳ್ಳಿ ಕಡೆಯ ತೋಟದ ದಾರಿಗಳಲ್ಲಿ ಓಡಿಸಲು ಹಳೆ ಯಮಹಾ ಆರ್‌ಎಕ್ಸ್ 100 ಒಂದನ್ನು ಡರ್ಟ್ ಬೈಕ್ ಮಾಡಿಸಿಕೊಂಡಿದ್ದೇನೆ. 1985ರಿಂದ 1996ರವರೆಗೆ ಇಲ್ಲಿ ತಯಾರಾದ ಗಾಡಿ ಇದು. ಅಷ್ಟು ವರ್ಷದಲ್ಲಿ ಗುಜರಿಯಿಂದ ಏನೇನು ಬಂದು ಸೇರಿಕೊಂಡಿರುತ್ತದೋ ಯಾರಿಗೆ ಗೊತ್ತು! ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ಇಳಿದರೆ ನನ್ನ ಗಾಡಿಯ ಮುಂದಿನ ಶಾಕ್ ಅರ್ಧಕ್ಕೇ ಹಿಡಿದುಕೊಂಡು, ಆಮೇಲೆ ಟಕ್ ಅಂತ ಮೇಲೆ ಬರುತ್ತಿತ್ತು. ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಎರಡು ಕಡೆಯಿಂದ ಹಿಡಿಯುವ ಶಾಕ್ ಕಾಲುಗಳು. ಎಡ, ಬಲದ ಕಾಲುಗಳು ಒಂದೇ ಜೋಡಿಯವಲ್ಲವೇನೋ ಅಂತ ಅನುಮಾನ ಬಂತು.

ಶಿವಮೊಗ್ಗದ ಗ್ಯಾರೇಜಿನಲ್ಲಿ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿ ನೋಡಿದರು. "ಎಂತದೂ ಇಲ್ಲ ಮಾರಾಯ್ರೆ, ಸರಿ ಇದೆ." ಈ ಪರೀಕ್ಷೆಯನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ಮೇಲೆ ಟಿ (ಹ್ಯಾಂಡಲ್ ಕೆಳಗಿನ ಅಡ್ಡಪಟ್ಟಿ), ಕೆಳಗೆ ಆಕ್ಸಲ್ (ಚಕ್ರದ ಅಚ್ಚು) ಎರಡೂ ಕಾಲುಗಳನ್ನು ಕಟ್ಟಿಹಾಕಿರುತ್ತವೆ. ಒಂದು ಬಿಗಿ, ಇನ್ನೊಂದು ಸಡಿಲ ಇದ್ದರೂ ಒಟ್ಟಿಗೇ ಇಳಿಯುತ್ತವೆ. ಕೈಗೆ ಗೊತ್ತಾಗುವುದು ಎರಡೂ ಸೇರಿದ ಬಲ ಮಾತ್ರ.

ಕಣ್ಣಳತೆ ಅದಕ್ಕಿಂತ ವಾಸಿ, ಆದರೆ ಸ್ವಲ್ಪವೇ. ಎರಡು ಬಾಟಮ್ (ಪೈಪ್ ಒಳಗೆ ಜಾರುವ ಕೆಳಗಿನ ಕವಚ) ಬೇರೆ ಬೇರೆ ಕಂಡ ತಕ್ಷಣ ಹೆದರಬೇಡಿ. ಡ್ರಮ್ ಬ್ರೇಕಿನ ಪ್ಲೇಟು ತಿರುಗದಂತೆ ತಡೆಯುವ ಗಂಟು ಒಂದೇ ಕಡೆ ಇರುತ್ತದೆ, ಅದು ಕಂಪನಿಯೇ ಹಾಗೆ ಮಾಡಿದ್ದು. ನನ್ನವಕ್ಕೆ ಹೊರಗೆ ಬೇರೆ ವ್ಯತ್ಯಾಸ ಏನೂ ಕಾಣಲಿಲ್ಲ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಬಿಚ್ಚಿ ಅಳೆದದ್ದು. ಮನೆ ಜಗಲಿಯಲ್ಲಿ ಹಳೆ ಪಂಚೆ ಹಾಸಿ ಎಡದ ಸಾಮಾನು ಎಡಕ್ಕೆ, ಬಲದ್ದು ಬಲಕ್ಕೆ ಇಟ್ಟೆ. ಪೈಪುಗಳ ಉದ್ದ ಒಂದೇ, ಹೊರಗಿನ ದಪ್ಪವೂ ಒಂದೇ. ಸ್ಪ್ರಿಂಗ್‌ಗಳ ಉದ್ದ, ಸುತ್ತು, ಅಗಲ ಕೂಡ ಒಂದೇ. ಆದರೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದರೆ ಒಂದರ ತಂತಿ 4 ಮಿ.ಮೀ., ಇನ್ನೊಂದರದ್ದು 4.2. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಹಾಗಾಗಿ ಶೇ. 5 ದಪ್ಪ ಜಾಸ್ತಿಯಾದರೆ ಬಿಗಿ ಸುಮಾರು ಶೇ. 22ರಷ್ಟು ಜಾಸ್ತಿ.

ಕಾಲಿನ ಒಳಗಿರುವ ಟೊಳ್ಳು ಕೊಳವೆ, ಅಂದರೆ ಡ್ಯಾಂಪರ್ ರಾಡ್, ಇನ್ನೂ ದೊಡ್ಡ ಸುಳಿವು ಕೊಟ್ಟಿತು. ಅದರ ಕೆಳಗಿನ ತೂತುಗಳೇ ಶಾಕ್ ಕುಸಿಯುವಾಗ ಆಯಿಲ್ ಎಷ್ಟು ಬೇಗ ಹೋಗಬೇಕು ಅಂತ ತೀರ್ಮಾನಿಸುವುದು. ತೂತಿಗೆ ವರ್ನಿಯರ್ ಬೇಡ. 5 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಭಾಗದ ನಯವಾದ ತುದಿ ಸಾಕು. ಬಲದ ರಾಡಿನಲ್ಲಿ ಸರಾಗವಾಗಿ ಇಳಿಯಿತು, ಎಡದ್ದರಲ್ಲಿ ಬಾಯಲ್ಲೇ ನಿಂತಿತು.

ಕೊನೆಗೆ ಆಯಿಲ್ ಪರೀಕ್ಷೆ. ಎರಡೂ ಕಾಲು ರಾತ್ರಿಯಿಡೀ ತಲೆಕೆಳಗಾಗಿ ನೇತುಹಾಕಿ ಹಳೆ ಆಯಿಲ್ ಇಳಿಸಿದೆ. ಸ್ಪ್ರಿಂಗ್ ಇಲ್ಲದೆ, ಪೈಪ್ ಪೂರ್ತಿ ಒಳಗೆ ತಳ್ಳಿ, ಎರಡಕ್ಕೂ ಒಂದೇ ಅಳತೆಯ ಆಯಿಲ್ ಹಾಕಿ, ಗಾಳಿ ಹೋಗುವಷ್ಟು ಸಲ ಮೇಲೆ ಕೆಳಗೆ ಮಾಡಿದೆ. ಮತ್ತೆ ಪೂರ್ತಿ ಒತ್ತಿ ಸ್ಟೀಲ್ ಸ್ಕೇಲ್ ಇಳಿಸಿದರೆ ಆಯಿಲ್ ಮಟ್ಟದಲ್ಲಿ 11 ಮಿ.ಮೀ. ವ್ಯತ್ಯಾಸ! ಪೈಪಿನ ಒಳಗಿನ ಅಗಲ ಒಂದರಲ್ಲಿ ಅರ್ಧ ಮಿ.ಮೀ. ದೊಡ್ಡದಿತ್ತು. ಹೊರಗಿನಿಂದ ಎಷ್ಟು ಅಳೆದರೂ ಸಿಗುತ್ತಿರಲಿಲ್ಲ.

ಪುರುಸೊತ್ತು ಕಡಿಮೆ ಇದ್ದರೆ ಡ್ರಿಲ್ ಬಿಟ್ ಮತ್ತು ವರ್ನಿಯರ್ ಸಾಕು, ಆಯಿಲ್ ಪರೀಕ್ಷೆ ಬೇಡ. ಆದರೆ ಗುಜರಿಯಿಂದ ಪೈಪ್ ತರುವುದಾದರೆ ಆಯಿಲ್ ಪರೀಕ್ಷೆ ಬಿಡಬೇಡಿ. ಎಲ್ಲ ಜೋಡಿಸಿದ ಮೇಲೆ ಚಕ್ರ ಹಾಕುವ ಮುಂಚೆ ಬರೀ ಆಕ್ಸಲ್ ತೂರಿಸಿ ನೋಡಿ. ಸುತ್ತಿಗೆ ಇಲ್ಲದೆ ಬೆರಳಿನಲ್ಲೇ ಒಳಗೆ ಹೋಗಬೇಕು. ನನ್ನದು ಈಗ ಹೋಗುತ್ತಿದೆ. ಎಡದ ಪೈಪ್, ರಾಡ್, ಸ್ಪ್ರಿಂಗ್ ಮೂರನ್ನೂ ಬದಲಿಸಿದ್ದೇನೆ. ಅದೇ ಮೆಟ್ಟಿಲು ಇಳಿದರೆ ಆ ಟಕ್ ಸದ್ದಿಲ್ಲ.