ಇನ್‌ಕೋಯಿಸ್ ಕಡಲ ಮುನ್ಸೂಚನೆ: ಮೀನಿನ ಜಾಡಿಗಿಂತ ಅಲೆಯ ಲೆಕ್ಕಕ್ಕೇ ಹೆಚ್ಚು ಬೆಲೆ

ದಂಡೆಯಿಂದ ನೂರಾರು ಕಿಲೋಮೀಟರ್ ದೂರದ ಹೈದರಾಬಾದಿನಲ್ಲಿ ಕುಳಿತು ಉಡುಪಿ ಜಿಲ್ಲೆಯ ಗಂಗೊಳ್ಳಿಯ ಎದುರಿನ ಅಲೆ ಎಷ್ಟು ಎತ್ತರ ಏಳುತ್ತದೆಂದು ಹೇಳುವವರನ್ನು ನಮ್ಮ ಕಡೆಯ ಹಿರಿಯ ಮೀನುಗಾರರು ಮೊದಮೊದಲು ನಂಬಿರಲಿಲ್ಲ. ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿರುವ, 1999ರಲ್ಲಿ ಆರಂಭವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕೋಯಿಸ್, ಕರಾವಳಿಯ ಜನರಿಗೆ ಯಾವ ಶುಲ್ಕವೂ ಇಲ್ಲದೆ ಮುಖ್ಯವಾಗಿ ಎರಡು ಬಗೆಯ ಸೇವೆ ನೀಡುತ್ತದೆ. ಮೀನು ಸಿಗಬಹುದಾದ ಜಾಗದ ಸೂಚನೆ ಒಂದು, ಕಡಲಿನ ಸ್ಥಿತಿಯ ಮುನ್ಸೂಚನೆ ಇನ್ನೊಂದು. ಬಂದರಿನಲ್ಲಿ ಮಾತು ನಡೆಯುವುದೆಲ್ಲ ಮೊದಲನೆಯದರ ಬಗ್ಗೆ. ಎರಡನ್ನೂ ಒಂದು ವರ್ಷ ನಿತ್ಯ ಓದಿ, ದೋಣಿಯವರೊಡನೆ ತಾಳೆ ನೋಡಿದ ಮೇಲೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಎರಡನೆಯದು.

ಮೀನಿನ ಸೂಚನೆಯ ಹಿಂದಿರುವ ತರ್ಕ ಸರಳವಾದದ್ದು. ಬಿಸಿ ನೀರೂ ತಣ್ಣೀರೂ ಸಂಧಿಸುವ ಗೆರೆಯಲ್ಲಿ, ಹಸಿರು ಕಣಗಳಂಥ ಸೂಕ್ಷ್ಮ ಸಸ್ಯಗಳು ಹೆಚ್ಚಿರುವಲ್ಲಿ, ಸಣ್ಣ ಮೀನು ಮೇಯಲು ಬರುತ್ತದೆ. ಅದನ್ನು ಹಿಡಿಯಲು ದೊಡ್ಡ ಮೀನು ಬರುತ್ತದೆ. ಉಪಗ್ರಹವು ಕಡಲ ಮೇಲ್ಮೈಯ ಉಷ್ಣಾಂಶವನ್ನೂ ನೀರಿನ ಬಣ್ಣದಿಂದ ಆ ಸಸ್ಯಗಳ ಹಸಿರು ದ್ರವ್ಯವಾದ ಕ್ಲೋರೋಫಿಲ್ ಪ್ರಮಾಣವನ್ನೂ ಅಳೆಯುತ್ತದೆ. ಆ ಎರಡರಿಂದ ಗುರುತಿಸಿದ ಜಾಗಕ್ಕೆ ಯಾವ ಬಂದರಿನಿಂದ ಯಾವ ದಿಕ್ಕಿನಲ್ಲಿ ಎಷ್ಟು ಕಿಲೋಮೀಟರ್ ಹೋಗಬೇಕು, ಅಲ್ಲಿ ಆಳ ಎಷ್ಟು ಮೀಟರ್, ಅಕ್ಷಾಂಶ ರೇಖಾಂಶ ಯಾವುದು ಎಂಬುದು ಕನ್ನಡದಲ್ಲಿಯೂ ಸಿಗುತ್ತದೆ. ಇದರಿಂದ ಮೀನು ಹುಡುಕುವ ಸಮಯ ಶೇ. 30ರಿಂದ 70ರಷ್ಟು ಉಳಿಯುತ್ತದೆಂದು ಸಂಸ್ಥೆ ಹೇಳಿಕೊಳ್ಳುತ್ತದೆ. ಡೀಸೆಲ್ ಖರ್ಚೇ ಲಾಭವನ್ನು ನುಂಗುವ ಈ ಕಸುಬಿನಲ್ಲಿ ಅದರ ಅರ್ಧ ನಿಜವಾದರೂ ದೊಡ್ಡ ಮಾತೇ. ಆಳವನ್ನು ಮಾರಿನ ಲೆಕ್ಕದಲ್ಲಿ ಎಣಿಸುವ ಹಳೆಯ ತಾಂಡೇಲರಿಗೆ, ಅಂದರೆ ಬೋಟು ನಡೆಸುವ ಮುಖ್ಯಸ್ಥರಿಗೆ, ಮೀಟರನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳುವ ಕಷ್ಟವಿದೆ; ಅದು ಅಭ್ಯಾಸದಿಂದ ಹೋಗುವಂಥದ್ದು.

ಅಭ್ಯಾಸದಿಂದ ಹೋಗದ ತೊಡಕು ಮೋಡದ್ದು. ಅತಿಗೆಂಪು ಕಿರಣದಿಂದ ಉಷ್ಣಾಂಶ ಅಳೆಯುವ ಉಪಗ್ರಹಕ್ಕೂ ನೀರಿನ ಬಣ್ಣ ನೋಡುವ ಉಪಗ್ರಹಕ್ಕೂ ಮೋಡದಾಚೆ ಕಾಣುವುದಿಲ್ಲ. ಹೀಗಾಗಿ ದಟ್ಟ ಮೋಡದ ದಿನಗಳಲ್ಲಿ ಸೂಚನೆ ಇರುವುದಿಲ್ಲ. ಮೀನುಗಾರಿಕೆ ನಿಷೇಧದ ಅವಧಿಯಲ್ಲಿಯೂ ಅದನ್ನು ನೀಡುವುದಿಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧವಿದ್ದರೆ, ನಾಡದೋಣಿಯವರ ದುಡಿಮೆಯ ಕಾಲ ಅದೇ. ತೂಫಾನ್ ಎದ್ದು ಕಡಲು ಕಲಕಿ ಸಿಗಡಿ ದಂಡೆಯತ್ತ ಬರಲೆಂದು ಅವರು ಕಾಯುವ ಆ ಎರಡು ತಿಂಗಳಲ್ಲಿ ಈ ಸೇವೆ ಅವರಿಗೆ ಇಲ್ಲ. ಉಳಿದ ತಿಂಗಳುಗಳಲ್ಲಿ ನೂರು ಕಿಲೋಮೀಟರ್ ಆಚೆಗೆ ಹೋಗಬಲ್ಲ ಆಳಸಮುದ್ರ ಬೋಟಿಗೆ ಇದರ ಉಪಯೋಗ ಹೆಚ್ಚು, ಸಣ್ಣ ದೋಣಿಗೆ ಕಡಿಮೆ. ಮೇಲಾಗಿ ಒಂದೇ ಜಾಗವನ್ನು ಎಲ್ಲರಿಗೂ ಹೇಳಿದಾಗ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಎಲ್ಲರೂ ಬಲೆ ಬಿಟ್ಟ ಮೇಲೆ ಅಲ್ಲಿ ಉಳಿಯುವುದೆಷ್ಟು ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ ಮೀನು 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿದಿತ್ತು. ಮೀನೇ ಇಲ್ಲದ ವರ್ಷ ಉಪಗ್ರಹ ತೋರಿಸುವುದು ಮೀನು ಬರಬಹುದಾಗಿದ್ದ ನೀರನ್ನು ಮಾತ್ರ.

ಕಡಲ ಸ್ಥಿತಿಯ ಮುನ್ಸೂಚನೆಗೆ ಮೋಡದ ಅಡ್ಡಿಯಿಲ್ಲ, ನಿಷೇಧದ ಬಿಡುವೂ ಇಲ್ಲ. ಗಾಳಿಯ ವೇಗ, ಅಲೆಯ ಎತ್ತರ ಮತ್ತು ದಿಕ್ಕು, ದೂರದಿಂದ ಬರುವ ಉಬ್ಬಲೆ, ಪ್ರವಾಹ ಇವೆಲ್ಲ ಅದರಲ್ಲಿರುತ್ತವೆ. ಓದುವವರು ಒಂದು ವಿಷಯವನ್ನು ತಿಳಿದಿರಬೇಕು: ಅಲ್ಲಿ ಕೊಡುವ ಅಲೆಯ ಎತ್ತರವೆಂದರೆ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಎರಡು ಮೀಟರ್ ಎಂದು ಬರೆದಿದ್ದರೆ ನಡುವೆ ಒಂದು ಅಲೆ ನಾಲ್ಕು ಮೀಟರಿನ ಸಮೀಪ ಏಳುವುದು ಅಸಹಜವಲ್ಲ. ಈ ಮಾತನ್ನು ಪ್ರತಿ ಮುನ್ಸೂಚನೆಯ ಕೆಳಗೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಈ ಸೇವೆಯ ನಿಜವಾದ ಕಸುವು ತಿಳಿದದ್ದು 2024ರ ಮೇ ತಿಂಗಳಲ್ಲಿ. ಕೆಲವೊಮ್ಮೆ ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ನಿರ್ಮಲವಾಗಿರುತ್ತದೆ. ಆದರೂ ಕಡಲು ಏಕಾಏಕಿ ಮೇಲೇರಿ ದಂಡೆಯ ಮನೆಗಳಿಗೆ ನುಗ್ಗುತ್ತದೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕನ್ನಡಕ್ಕೂ ಆ ಹೆಸರು ಹಾಗೆಯೇ ಒಪ್ಪುತ್ತದೆ. 2012ರಲ್ಲಿ ಯುನೆಸ್ಕೊ ಕೂಡ ಆ ಪದವನ್ನು ಅಂಗೀಕರಿಸಿತು. ಏಪ್ರಿಲ್ ಕೊನೆಯ ವಾರ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಎದ್ದ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಮೇ 4ರ ಹೊತ್ತಿಗೆ ನಮ್ಮ ದೇಶದ ದಂಡೆಗೆ ತಲುಪಿದವು. ಇನ್‌ಕೋಯಿಸ್ ಎಚ್ಚರಿಕೆ ನೀಡಿತ್ತು. ಸ್ಥಳೀಯ ಗಾಳಿಗೆ ಏಳುವ ಅಲೆಗಳ ನಡುವೆ ಸಾಮಾನ್ಯವಾಗಿ ಹತ್ತು ಸೆಕೆಂಡಿನ ಅಂತರವೂ ಇರದಿದ್ದರೆ, ಇಂಥ ಉಬ್ಬಲೆಗಳ ಅಂತರ ಹದಿನೆಂಟು ಇಪ್ಪತ್ತು ಸೆಕೆಂಡಿನಷ್ಟಿದ್ದು ಒಂದೊಂದು ಅಲೆಯೂ ಹೊತ್ತು ತರುವ ನೀರು ಅಪಾರ. ಹಕ್ಕಿಯ ಹಾರಾಟ, ನೀರಿನ ಬಣ್ಣ, ಗಾಳಿಯ ವಾಸನೆ ನೋಡಿ ಕಡಲನ್ನು ಓದುವ ಹಿರಿಯರ ವಿದ್ಯೆಗೆ ಈ ಕಳ್ಳ ಸಿಗುವುದಿಲ್ಲ, ಏಕೆಂದರೆ ಅವನು ಹೊರಟ ಊರು ಅವರ ಕಣ್ಣಳತೆಯಲ್ಲಿಲ್ಲ. ನಮ್ಮ ಹಿರಿಯರೂ ಹೈದರಾಬಾದಿನ ಮಾತಿಗೆ ಕಿವಿಗೊಡತೊಡಗಿದ್ದು ಈ ವಿಷಯ ತಿಳಿದ ಮೇಲೆಯೇ.

ಸಣ್ಣ ದೋಣಿಗಳಿಗೆಂದೇ 2020ರಲ್ಲಿ ಆರಂಭಿಸಿದ ಎಚ್ಚರಿಕೆ ವ್ಯವಸ್ಥೆ ನನಗೆ ಅತ್ಯಂತ ಹಿಡಿಸಿದ ಭಾಗ. ಏಳು ಮೀಟರ್ ಅಗಲದವರೆಗಿನ ದೋಣಿಗಳು ಎಲ್ಲಿ ಮಗುಚುವ ಸಂಭವವಿದೆ ಎಂಬುದನ್ನು ಅದು ಅಲೆಯ ಎತ್ತರದ ಜೊತೆಗೆ ಅಲೆ ಎಷ್ಟು ಕಡಿದಾಗಿದೆ ಎಂಬುದು, ಅಲೆಗಳು ಬರುವ ದಿಕ್ಕುಗಳ ಹರಡುವಿಕೆ, ಗಾಳಿ ಬಿರುಸಾಗುವ ವೇಗ ಇವನ್ನೂ ಲೆಕ್ಕಕ್ಕೆ ಹಿಡಿದು ಹತ್ತು ದಿನ ಮುಂಚಿತವಾಗಿ ಹೇಳುತ್ತದೆ. ಎರಡು ಮೀಟರಿನ ಉದ್ದನೆಯ ಅಲೆಯ ಮೇಲೆ ಸಲೀಸಾಗಿ ತೇಲುವ ದೋಣಿ ಅದೇ ಎತ್ತರದ ಕಡಿದಾದ, ಅಡ್ಡದಿಡ್ಡಿ ಅಲೆಗೆ ಮಗುಚುತ್ತದೆಂಬುದನ್ನು ದೋಣಿ ನಡೆಸಿದವರೆಲ್ಲ ಬಲ್ಲರು. ಆ ಅನುಭವ ಕೊನೆಗೂ ಲೆಕ್ಕದೊಳಗೆ ಬಂದಿದೆ. ಆದರೆ ನಮ್ಮ ಕಡೆ ದೋಣಿ ಮಗುಚುವ ಕುಖ್ಯಾತ ಜಾಗಗಳು ತೆರೆದ ಕಡಲಿನಲ್ಲಿ ಇಲ್ಲ, ನದಿ ಕಡಲನ್ನು ಸೇರುವ ಅಳಿವೆಗಳಲ್ಲಿವೆ. ನದಿಯ ನೀರು ಹೊರಕ್ಕೆ ನುಗ್ಗಿ, ಅಲೆ ಒಳಕ್ಕೆ ನುಗ್ಗಿ, ನಡುವೆ ಹೂಳಿನ ದಿಬ್ಬ ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುವ ಹೊನ್ನಾವರ, ಗಂಗೊಳ್ಳಿಯಂಥ ಅಳಿವೆಗಳ ಗುಣ ಕಡಲಿನ ಸಾಮಾನ್ಯ ಮುನ್ಸೂಚನೆಯಲ್ಲಿ ಹಿಡಿಯಲಾಗುವಂಥದ್ದಲ್ಲ.

ಮಾಹಿತಿ ತಲುಪುವ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಂಡೆಯಲ್ಲಿರುವವರಿಗೆ ಜಾಲತಾಣ, ಮೊಬೈಲ್ ಆ್ಯಪ್, ಬಂದರಿನ ಫಲಕಗಳಿವೆ. ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸಿಗ್ನಲ್ ಇಲ್ಲ. 2017ರ ಓಖಿ ಚಂಡಮಾರುತದಲ್ಲಿ ಆಗಲೇ ಕಡಲಿಗಿಳಿದಿದ್ದವರಿಗೆ ಎಚ್ಚರಿಕೆ ಮುಟ್ಟಿಸಲಾಗದ ಕಹಿ ಅನುಭವದ ನಂತರ 2019ರಲ್ಲಿ ಬಂದ ಜೆಮಿನಿ ಎಂಬ ಉಪಕರಣ ಉಪಗ್ರಹದಿಂದ ಸಂದೇಶ ಪಡೆದು ಬ್ಲೂಟೂತ್ ಮೂಲಕ ಫೋನಿಗೆ ಕೊಡುತ್ತದೆ. ಅದು ಕೇಳಿಸಿಕೊಳ್ಳಬಲ್ಲದು, ಮಾತನಾಡಲಾರದು. ಅಪಾಯದಲ್ಲಿರುವ ಬೋಟಿನವರು ಅದರಿಂದ ದಂಡೆಗೆ ಏನನ್ನೂ ತಿಳಿಸುವಂತಿಲ್ಲ.

ಆಳಸಮುದ್ರ ಬೋಟಿನವರು ಮೀನಿನ ಸೂಚನೆಯನ್ನು ಇನ್ನೊಬ್ಬ ಅನುಭವಿ ತಾಂಡೇಲನ ಸಲಹೆಯಂತೆ ಕೇಳಿಸಿಕೊಂಡು ತಮ್ಮ ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳುವುದು ಲೇಸು. ನಾಡದೋಣಿಯವರೂ ದಂಡೆಯ ಮನೆಯವರೂ ಕಡಲ ಸ್ಥಿತಿಯ ಪುಟವನ್ನು ಪ್ರತಿ ಸಂಜೆ ನೋಡಬೇಕು, ಆಕಾಶ ಶುಭ್ರವಾಗಿರುವ ಬೇಸಿಗೆಯ ದಿನಗಳಲ್ಲಂತೂ ತಪ್ಪದೆ ನೋಡಬೇಕು. ಸಂಸ್ಥೆಗೆ ನನ್ನದೊಂದೇ ಬೇಡಿಕೆ: ಕರ್ನಾಟಕದ ನಾಲ್ಕೈದು ಅಳಿವೆಗಳ ಹೂಳನ್ನು ಪ್ರತಿ ಮಳೆಗಾಲದ ಮುಂಚೆ ಅಳೆಸಿ, ಅಲ್ಲಿಯ ಉಬ್ಬರ ಇಳಿತದ ವೇಳೆಗೆ ಹೊಂದಿಸಿ, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ದಾಟಬಾರದೆಂಬ ಒಂದು ಸಾಲನ್ನು ಮುನ್ಸೂಚನೆಗೆ ಸೇರಿಸಲಿ.