ಹಳೇ ಸ್ಟೀರಿಯೊಗೆ ವೈಫೈ ಡಬ್ಬಿ ಹಾಕಿಸುವ ಮುಂಚೆ ಇದನ್ನು ಓದಿ

ಮನೆಯಲ್ಲಿರುವ ಹಳೇ ಸ್ಟೀರಿಯೊದಲ್ಲಿ ಫೋನಿನ ಹಾಡು ಕೇಳಬೇಕು ಅಂತ ವೈಫೈ ಸ್ಟ್ರೀಮರ್ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ಅಂಗಡಿಯವರನ್ನು ಒಂದು ಮಾತು ಕೇಳಿ. ಕಂಪನಿಯ ಆಪ್ ಇಲ್ಲದೆ, ಅವರ ಅಕೌಂಟಿಗೆ ಲಾಗಿನ್ ಆಗದೆ ಈ ಡಬ್ಬಿ ಹಾಡುತ್ತದಾ? "ಆಪ್ ಸೂಪರ್ ಆಗಿದೆ ಸರ್" ಅಂತ ಮಾತು ತೇಲಿಸಿದರೆ ಸುಮ್ನೆ ಎದ್ದು ಬನ್ನಿ.

ನಮ್ಮ ಮನೆಯಲ್ಲಿರುವುದು ಅಪ್ಪನ ಕಾಲದ ಆಂಪ್ಲಿಫೈಯರ್, ಜೊತೆಗೆ ಎರಡು ಮರದ ಸ್ಪೀಕರ್. ಇವತ್ತಿಗೂ ಗಟ್ಟಿಮುಟ್ಟಾಗಿವೆ. ಡಬ್ಬಿ ಕೊಂಡ ಅಂಗಡಿಯಿಂದಲೇ ಜೋಡಿಸಲು ಒಬ್ಬ ಹುಡುಗ ಬಂದ. ಫೋನ್ ಟಾರ್ಚ್ ಹಿಡಿದು ಹಿಂದೆ ಬಗ್ಗಿ, ಕಣ್ಣಿಗೆ ಬಿದ್ದ ಮೊದಲ ತೂತಿಗೆ ಕೆಂಪು, ಬಿಳಿ ಪಿನ್ ಚುಚ್ಚಿದ. ಹಾಡು ಹಾಕಿದರೆ ದಪ್ಪನೆಯ ಹರಿದ ಸದ್ದು, ಹಾಡುವವರ ಮಾತೇ ತಿಳಿಯದು. "ಆಂಪ್ಲಿಫೈಯರ್ ಹೋಗಿದೆ ಸರ್, ಎಕ್ಸ್‌ಚೇಂಜ್‌ಗೆ ಕೊಡಿ, ಹೊಸದರಲ್ಲಿ ಒಳ್ಳೇ ಡಿಸ್ಕೌಂಟ್ ಮಾಡಿಸುತ್ತೇನೆ" ಅಂದ. ಅವನು ಹೋದ ಮೇಲೆ ನೋಡಿದರೆ ಪಿನ್ ಇದ್ದದ್ದು ಫೋನೊ ಅಂತ ಬರೆದ ಜಾಗದಲ್ಲಿ, ಪಕ್ಕದಲ್ಲೇ ಅರ್ಥಿಂಗ್ ತಂತಿಯ ಸಣ್ಣ ಸ್ಕ್ರೂ. ಅದು ಗ್ರಾಮಫೋನ್ ಪ್ಲೇಟ್ ತಿರುಗಿಸುವ ಟರ್ನ್‌ಟೇಬಲ್‌ಗೆ ಇರುವ ಜಾಗ. ಟರ್ನ್‌ಟೇಬಲ್ ಸೂಜಿಯಿಂದ ಬರುವುದು ಕೆಲವೇ ಮಿಲಿವೋಲ್ಟ್, ಹಾಗಾಗಿ ಆಂಪ್ಲಿಫೈಯರ್ ಅಲ್ಲಿ ಸದ್ದನ್ನು ಸಿಕ್ಕಾಪಟ್ಟೆ ಹಿಗ್ಗಿಸುತ್ತದೆ, ಬೇಸ್ ಏರಿಸಿ ಟ್ರೆಬಲ್ ಇಳಿಸುತ್ತದೆ. ಸ್ಟ್ರೀಮರ್‌ನಿಂದ ಬರುವುದೋ 2 ವೋಲ್ಟ್ ಆಸುಪಾಸು. ಹರಿಯದೆ ಇನ್ನೇನಾದೀತು? ಪಿನ್ ಕಿತ್ತು, ಹೊರಗಿನ ಸಾಧನ ಸೇರಿಸಲು ಇರುವ ಆಕ್ಸ್ (AUX) ತೂತಿಗೆ ಹಾಕಿದೆ, ಸದ್ದು ತಿಳಿಯಾಯಿತು. ಟೇಪ್ ಇನ್ (ಪ್ಲೇ), ಸಿಡಿ, ಟ್ಯೂನರ್ ಅಂತ ಬರೆದ ಜಾಗವಾದರೂ ನಡೆಯುತ್ತದೆ. ಆ ಹುಡುಗನ ಮಾತು ನಂಬಿ ಎಷ್ಟು ಮನೆಯವರು ಚೆನ್ನಾಗಿದ್ದ ಸೆಟ್ ಕೊಟ್ಟಿದ್ದಾರೋ!

ಇದು ಬಗೆಹರಿಯಿತು ಬಿಡಿ. ಆಪ್ ಕಥೆಯೇ ಬೇರೆ. ಶುರುವಿಗೇ ಅದು ಮೊಬೈಲ್ ನಂಬರ್ ಕೇಳಿತು, ಲೊಕೇಶನ್ ಕೇಳಿತು (ನಮ್ಮ ಹಾಲ್‌ನಲ್ಲಿ ಹಾಡು ಕೇಳಲು ಅವರಿಗೆ ಲೊಕೇಶನ್ ಯಾಕೆ ಬೇಕೋ). ಸ್ವಲ್ಪ ಕಾಲ ಚೆನ್ನಾಗಿಯೇ ಹಾಡಿತು. ಆಮೇಲೆ ಒಂದು ದಿನ ಲಾಗಿನ್ ಆಗಲೇ ಇಲ್ಲ, ಚಕ್ರ ತಿರುಗುತ್ತಲೇ ಇತ್ತು. ಕಸ್ಟಮರ್ ಕೇರ್‌ನವರು ಹೇಳಿದ್ದು ಒಂದೇ: "ಫ್ಯಾಕ್ಟರಿ ರೀಸೆಟ್ ಮಾಡಿ." ಅಲ್ಲಿಯವರೆಗೆ ಬ್ಲೂಟೂತ್‌ನಲ್ಲಾದರೂ ಹಾಡು ಬರುತ್ತಿತ್ತು. ರೀಸೆಟ್ ಆದ ಮೇಲೆ ಅದೂ ಹೋಯಿತು, ಯಾಕೆಂದರೆ ಮೊದಲು ಆಪ್‌ನಲ್ಲಿ ಸೆಟಪ್ ಮುಗಿಯದೆ ಡಬ್ಬಿ ಏನನ್ನೂ ಹಾಡುವುದಿಲ್ಲವಂತೆ. ಈಗ ಕಿತ್ತಳೆ ದೀಪ ಮಿಣುಕುತ್ತದೆ, ಅಷ್ಟೇ.

ದೊಡ್ಡ ಕಂಪನಿಯದು ತಗೊಂಡರೆ ಭಯವಿಲ್ಲ ಅಂದುಕೊಳ್ಳಬೇಡಿ. ಹಳೇ ಸ್ಟೀರಿಯೊಗೆಂದೇ ಗೂಗಲ್ 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೊ ಅನ್ನುವ ಇಂಥದ್ದೇ ಡಬ್ಬಿ ತಂದಿತ್ತು, 2019ರಲ್ಲಿ ತಯಾರಿಕೆ ನಿಲ್ಲಿಸಿತು. 2025ರ ಮಾರ್ಚ್‌ನಲ್ಲಿ ಅವುಗಳ ಗುರುತು ಖಚಿತಪಡಿಸುವ ಒಂದು ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿದು ಅವು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ಆಗ ಗೂಗಲ್ ಹೇಳಿದ್ದೇ ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಅಂತ. ಕೆಲವು ದಿನಗಳಲ್ಲಿ ಸರಿಪಡಿಸಿದರು ಅನ್ನಿ. ಸಣ್ಣ ಕಂಪನಿಯಾದರೆ ಯಾರು ಸರಿಪಡಿಸುತ್ತಾರೆ?

ಹಾಗಾಗಿ ಏರ್‌ಪ್ಲೇ (ಐಫೋನಿನಿಂದ ವೈಫೈಯಲ್ಲಿ ಹಾಡು ಕಳಿಸುವ ದಾರಿ), ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲೇ ಹಾಡು ಕಳಿಸುವ ಇನ್ನೊಂದು ದಾರಿ), ಬ್ಲೂಟೂತ್, ಇವುಗಳಲ್ಲಿ ಒಂದಾದರೂ ಲಾಗಿನ್ ಇಲ್ಲದೆ ನಡೆಯುತ್ತದಾ ಅಂತ ಅಂಗಡಿಯಲ್ಲೇ ನಿಮ್ಮ ಫೋನಿನಿಂದ ಹಾಡಿಸಿ ನೋಡಿ. ಬಾಕ್ಸ್ ಮೇಲೆ ಬರೆದಿದೆ ಅಂದರೆ ಸಾಲದು. ವೈಫೈಯದ್ದಾದರೆ ಮನೆಯಲ್ಲಿ ಫೋನೂ ಡಬ್ಬಿಯೂ ಒಂದೇ ನೆಟ್‌ವರ್ಕ್‌ನಲ್ಲಿರಲಿ. ಗೆಸ್ಟ್ ವೈಫೈಗೆ ಹಾಕಿದರೆ ಸಾಮಾನ್ಯವಾಗಿ ಒಂದಕ್ಕೊಂದು ಕಾಣುವುದೇ ಇಲ್ಲ.

ನಾನೀಗ ಬರೀ ಬ್ಲೂಟೂತ್ ರಿಸೀವರ್ ಒಂದನ್ನು ಆಕ್ಸ್‌ಗೆ ಸಿಕ್ಕಿಸಿದ್ದೇನೆ. ಆಪ್ ಇಲ್ಲ, ಅಕೌಂಟ್ ಇಲ್ಲ. ಫೋನ್ ಹಿಡಿದು ಅಡುಗೆಮನೆಗೆ ಹೋದರೆ ಹಾಡು ತುಂಡಾಗುತ್ತದೆ, ವಾಟ್ಸಾಪ್ ಮೆಸೇಜ್ ಬಂದರೆ ಸ್ಪೀಕರ್‌ನಲ್ಲೇ ಟಿಂಗ್ ಅನ್ನುತ್ತದೆ. ಪರವಾಗಿಲ್ಲ.

ಡಬ್ಬಿ ವಾಪಸ್ ಒಯ್ದರೆ ಅಂಗಡಿಯವರು "ವಾರಂಟಿ ಹಾರ್ಡ್‌ವೇರ್‌ಗೆ ಮಾತ್ರ ಸರ್, ಆಪ್‌ಗೆ ಇಲ್ಲ" ಅಂದರು. ಬಿಲ್ಲು, ಲಾಗಿನ್ ಎರರ್‌ನ ಸ್ಕ್ರೀನ್‌ಶಾಟ್ ಎರಡೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.